ಹೆಸರು ಕೆರೆದ ಅಚ್ಚು

ಆ ಮನೆಯಲ್ಲಿ ಊಟಕ್ಕೆ ಕೂತವರು ಮೊದಲು ತಟ್ಟೆ ಊದಬೇಕಿತ್ತು. ಎಷ್ಟು ಗುಡಿಸಿದರೂ, ಎಷ್ಟು ಒರೆಸಿದರೂ ಪ್ಲಾಸ್ಟರಿನ ಬಿಳಿ ಪುಡಿ ಎಲ್ಲಿಂದಲೋ ಬಂದು ಕೂತುಬಿಡುತ್ತಿತ್ತು. ಮುಂದಿನ ಕೋಣೆಯಲ್ಲಿ ಮೇಷ್ಟ್ರು ಹಲ್ಲು ಮಾಡುತ್ತಿದ್ದರು. ಪಾಠ ಹೇಳುವ ಮೇಷ್ಟ್ರಲ್ಲ, ಹಲ್ಲಿನ ಡಾಕ್ಟರೂ ಅಲ್ಲ. ಡಾಕ್ಟರು ಮೆತ್ತನೆಯ ಪಾಕ ಒತ್ತಿ ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಆ ಅಳತೆಯೊಳಗೆ ಪ್ಲಾಸ್ಟರು ಹೊಯ್ದು ಅಚ್ಚು ಮಾಡಿ, ಅಚ್ಚಿನ ಮೇಲೆ ಗುಲಾಬಿ ಮೇಣದಿಂದ ವಸಡು ಕಟ್ಟಿ, ಹಲ್ಲು ಕೂರಿಸಿ ಕೊಡುವವರು ಬೇರೆ ಇರುತ್ತಾರಲ್ಲ, ಅವರು. ಮೂವತ್ತು ವರ್ಷ ಅದೇ ಕೆಲಸ ಮಾಡಿ, ನಾಲ್ಕಾರು ಜನಕ್ಕೆ ಕಲಿಸಿಯೂ ಇದ್ದದ್ದರಿಂದ ಬೀದಿಗೆಲ್ಲ ಅವರು ಹಲ್ಲಿನ ಮೇಷ್ಟ್ರು.

ಅವರ ಹೆಂಡತಿಗೆ ಎಲ್ಲರೂ ಅಮ್ಮ ಅನ್ನುತ್ತಿದ್ದರು. ಮಕ್ಕಳು ಕರೆದದ್ದನ್ನೇ ಬೀದಿ ಕರೆಯಿತು, ತರಕಾರಿಯವನು ಕರೆದ, ಕೊನೆಗೆ ಮೇಷ್ಟ್ರೂ 'ನಿಮ್ಮಮ್ಮ ಎಲ್ಲಿ' ಅನ್ನುವುದರಲ್ಲೇ ಸಂಸಾರ ಸಾಗಿಸಿದರು. ಆ ಮನೆಯ ಪ್ಲಾಸ್ಟರನ್ನೆಲ್ಲ ಒರೆಸಿದ್ದು ಅಮ್ಮನೇ. ಮೇಷ್ಟ್ರ ಅಂಗಿಯ ತೋಳು ಒಗೆಯುವ ಮೊದಲು ಕಲ್ಲಿಗೆ ಕುಟ್ಟಿ ಪುಡಿ ಉದುರಿಸಬೇಕು, ಇಲ್ಲದಿದ್ದರೆ ನೀರು ಬಿದ್ದದ್ದೇ ತಡ ಸೆಟೆದುಕೊಂಡು ನಿಂತುಬಿಡುತ್ತದೆ. ಮದುವೆಯಾದ ಹೊಸತರಲ್ಲಿ ಇದು ಗೊತ್ತಿಲ್ಲದೆ ಆಕೆ ಹಾಗೇ ನೆನೆಸಿಟ್ಟು, ಅಂಗಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಕಥೆಯನ್ನು ಅಜ್ಜಿ, ಅಂದರೆ ಮೇಷ್ಟ್ರ ತಾಯಿ, ಈಗಲೂ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಅಚ್ಚುಗಳು. ಪ್ರತಿ ಅಚ್ಚಿನ ತಳದಲ್ಲಿ ನೇರಳೆ ಪೆನ್ಸಿಲಿನಿಂದ ಎರಡು ಸಾಲು: ಮೇಲೆ ಬಾಯಿಯ ಒಡೆಯನ ಹೆಸರು, ಕೆಳಗೆ ವಾಪಸ್ ಕೊಡಬೇಕಾದ ತಾರೀಖು. ಇಷ್ಟೇ ಆ ಮನೆಯ ಕಾನೂನು. ಹೆಸರಿರುವ ಅಚ್ಚನ್ನು ಯಾರೂ ಮುಟ್ಟುವ ಹಾಗಿಲ್ಲ. ಹೆಸರಿಲ್ಲದ್ದು, ಹೆಸರು ಅಳಿಸಿಹೋದದ್ದು ಮೇಜಿನ ಕೆಳಗಿನ ಡಬ್ಬಕ್ಕೆ, ಡಬ್ಬದಿಂದ ಕಸಕ್ಕೆ. ಏಳು ವರ್ಷದವಳಿದ್ದಾಗಿನಿಂದ ಮಗಳು ಆ ಡಬ್ಬ ಕದ್ದು ಆಟವಾಡುತ್ತಿದ್ದಳು. 'ಹೆಸರಿಲ್ಲದ್ದು ನಿನ್ನದು, ಹೆಸರಿದ್ದದ್ದು ನನ್ನದು' ಎಂದು ಮೇಷ್ಟ್ರು ಆಗಲೇ ಒಪ್ಪಂದ ಮಾಡಿಕೊಟ್ಟಿದ್ದರು.

ಈಗ ಆ ಮಗಳಿಗೆ ಇಪ್ಪತ್ತಾರು. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಸಿ ಬರುತ್ತಾಳೆ, ಮಧ್ಯಾಹ್ನದಿಂದ ಹಿಂದಿನ ಕೋಣೆಯಲ್ಲಿ ಊರು ಕಟ್ಟುತ್ತಾಳೆ. ಬೇಡದ ಅಚ್ಚುಗಳನ್ನೆಲ್ಲ ಗರಗಸದಲ್ಲಿ ನಡುವೆ ಸೀಳಿ, ವಿನೆಗರ್ ನೀರಲ್ಲಿ ನೆನೆಸಿ, ಟೀ ಬಳಿದು ಹಳತು ಮಾಡಿ, ಒಂದರ ಮೇಲೊಂದು ಅಂಟಿಸಿ ಬೆಟ್ಟ ಎಬ್ಬಿಸಿದ್ದಳು. ಬೆಟ್ಟದ ಸುತ್ತ ಗುಲಾಬಿ ಮೇಣದ ಹೊಲ. ಎಕ್ಸ್‌ರೇ ಹಾಳೆಯ ಕೆರೆ. ಗುಳಿಗೆಯ ಖಾಲಿ ಪಟ್ಟಿಗಳ ಚಾವಣಿ. ಪಾತ್ರೆ ಉಜ್ಜಿ ಸವೆದ ತಂತಿ ಗುಂಜುಗಳು ಮರಗಳಾಗಿದ್ದವು. ಅಮ್ಮನ ಬಚ್ಚಲಿನಿಂದ ಒಂದೊಂದೇ ಕಾಣೆಯಾಗಿದ್ದದ್ದು ಅವೇ. ಹಲ್ಲಿಗೆ ಕಟ್ಟುವ ತಂತಿಯ ಚೂರುಗಳನ್ನು ಬಗ್ಗಿಸಿ ಅಕ್ಕಿಕಾಳಿನಷ್ಟು ಜನರನ್ನು ಮಾಡಿ ಬಿಟ್ಟಿದ್ದಳು. ಎರಡು ಮಂಚದಷ್ಟು ಅಗಲ, ಅಮ್ಮನ ಎದೆಮಟ್ಟ ಎತ್ತರ. ಅದಕ್ಕೆ ಹಲ್ಲೂರು ಎಂದು ಹೆಸರಿಟ್ಟವರು ಅಜ್ಜಿ.

"ಅಲ್ಲಿ ಜನ ಏನ್ ತಿಂತಾರೆ?" ಅಜ್ಜಿ ಊಟದ ಹೊತ್ತಿಗೆ ಕೇಳುವರು.

"ಹಲ್ಲಲ್ಲಿ ಸಿಕ್ಕಿಕೊಂಡಿದ್ದನ್ನ ತಿಂತಾರೆ ಅಜ್ಜಿ."

"ಥೂ! ಅಲ್ಲಿ ಸಾಯ್ತಾರಾ?"

"ಇಲ್ಲ. ಒಂದು ಬಾಯಿಂದ ಇನ್ನೊಂದು ಬಾಯಿಗೆ ಮನೆ ಬದಲಾಯಿಸ್ತಾರೆ."

ಒಲೆಯ ಹತ್ತಿರ ಅಮ್ಮ ಸೌಟನ್ನು ಪಾತ್ರೆಗೆ ಹಾಕಿದ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು. ಎಲ್ಲರೂ ಬಾಯಿ ಮುಚ್ಚಿ ಊಟ ಮಾಡಿದರು.

ಯಾಕೆಂದರೆ ಆ ಹಿಂದಿನ ಕೋಣೆ ಚಿಕ್ಕವನದು, ಮಗಳ ತಮ್ಮನದು. ಎರಡು ವರ್ಷದ ಹಿಂದೆ ಕಾಲೇಜಿಗೆಂದು ಹೋದವನು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿದ. ಹತ್ತೊಂಬತ್ತು ವರ್ಷ. ಆಮೇಲೆ ಆ ಬಾಗಿಲು ಮುಚ್ಚಿಯೇ ಇತ್ತು. ಎಂಟು ತಿಂಗಳ ಹಿಂದೆ ಮಗಳು ಜಾಗ ಬೇಕೆಂದಾಗ ಮೇಷ್ಟ್ರು 'ತಗೋ' ಅಂದುಬಿಟ್ಟರು. ಅವನ ಮಂಚವನ್ನು ಜಗಲಿಗೆ ಹಾಕಿದ ದಿನದಿಂದ ಅಮ್ಮ ಆ ಕೋಣೆಯ ಹೊಸ್ತಿಲು ತುಳಿಯಲೇ ಇಲ್ಲ. ಪೊರಕೆ ಕೂಡ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿತ್ತು.

ಒಂದು ದಿನ ಕಲಾಭವನದಿಂದ ದಪ್ಪ ಕನ್ನಡಕದ ಮೇಡಮ್ಮೊಬ್ಬರು ಬಂದರು. ಹಲ್ಲೂರಿನ ಸುತ್ತ ಮೂರು ಸುತ್ತು ಬಂದು, ಬಗ್ಗಿ ನೋಡಿ, ಮಂಡಿಯೂರಿ ನೋಡಿ, ಕಡೆಗೆ ನೆಲದ ಮೇಲೆ ಕೂತೇಬಿಟ್ಟರು. ದೊಡ್ಡ ಸಭಾಂಗಣದಲ್ಲಿ ಮೂರು ವಾರ ಇಡೋಣ, ಆಮೇಲೆ ಬೇರೆ ಊರಿನ ಸಂಗ್ರಹಾಲಯದವರು ಕೇಳುತ್ತಿದ್ದಾರೆ, ಅಲ್ಲೇ ಇಟ್ಟುಕೊಳ್ಳುತ್ತಾರೆ ಅಂದರು. ಲಾರಿ ಬರುವ ದಿನವೂ ಗೊತ್ತಾಯಿತು, ಮುಂದಿನ ತಿಂಗಳ ಮೊದಲ ಗುರುವಾರ. ಮಗಳು ಅಪ್ಪನನ್ನು ತಬ್ಬಿಕೊಂಡಳು, ಅಜ್ಜಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಅಡುಗೆಮನೆಯ ಬಾಗಿಲವರೆಗೆ ಬಂದವಳು ಅಲ್ಲೇ ನಿಂತಳು.

"ಅಮ್ಮಾ, ಕೇಳಿಸ್ತಾ?"

"ಕೇಳಿಸ್ತು. ಕೋಣೆ ಖಾಲಿಯಾಗತ್ತಲ್ಲ, ಒಳ್ಳೇದಾಯ್ತು."

ಅಷ್ಟಂದು ಅಮ್ಮ ಅಕ್ಕಿ ತೊಳೆಯತೊಡಗಿದರು. ಮಗಳ ಮುಖ ಚಿಕ್ಕದಾಯಿತು. ಬಾಯಿಂದ ಹೊರಬಿದ್ದ ಮೇಲೆ ಅಮ್ಮನಿಗೂ ಛೆ ಅನ್ನಿಸಿತು, ಆದರೆ ಹೇಳಿದ್ದನ್ನು ನುಂಗುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಲಾರಿಗೆ ಇನ್ನು ಒಂಬತ್ತು ದಿನ ಇರುವಾಗ ಅಜ್ಜಿಯ ಹಲ್ಲಿನ ಸೆಟ್ಟು ಬಚ್ಚಲಲ್ಲಿ ಬಿದ್ದು ಎರಡು ಹೋಳಾಯಿತು.

"ಒಳ್ಳೇದಾಯ್ತು ಬಿಡು, ಅದು ಮೊದಲಿಂದ್ಲೂ ನನ್ನ ಬಾಯಿದಲ್ಲ. ಯಾರದ್ದೋ ಬಾಯಿದು," ಎಂದರು ಅಜ್ಜಿ.

"ಹನ್ನೆರಡು ವರ್ಷ ಅದ್ರಲ್ಲೇ ಎಲ್ಲ ಅಗಿದಿದೀಯಲ್ಲಮ್ಮ!" ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. "ಏನೇ, ನಿಮ್ಮತ್ತೆಯ ಹಳೇ ಅಚ್ಚು ಮೇಲಿನ ಸಾಲಲ್ಲಿರತ್ತೆ, ಸ್ವಲ್ಪ ತೆಗೆದುಕೊಡು. ನನ್ನ ಕೈಯೆಲ್ಲ ಮೇಣ."

ಅಮ್ಮ ಸ್ಟೂಲು ಹತ್ತಿದರು. ಅತ್ತೆಯ ಹೆಸರಿನ ಅಚ್ಚು ಸಿಕ್ಕಿತು. ಕೆಳಗಿಳಿಯಬೇಕು, ಕಾಲು ಇಳಿಯಲಿಲ್ಲ. ಆ ಸಾಲಿನ ಎಡತುದಿಯಲ್ಲಿ ಏನಿದೆ ಎಂದು ಆಕೆಗೆ ಗೊತ್ತಿತ್ತು. ಎರಡು ವರ್ಷದಿಂದ ದಿನಕ್ಕೆ ಹತ್ತು ಸಲ ಆ ಕೋಣೆ ಹಾದುಹೋಗುವಾಗಲೂ ಕತ್ತೆತ್ತಿ ನೋಡಿರಲಿಲ್ಲ. ನೋಡದಿದ್ದರೂ ಅದು ಅಲ್ಲಿದೆ ಎನ್ನುವುದರ ಮೇಲೆಯೇ ಆಕೆಯ ದಿನಗಳು ನಿಂತಿದ್ದವು.

ಚಿಕ್ಕವನಿಗೆ ಹದಿನಾಲ್ಕಾದಾಗ ಮಾಡಿದ ಅಚ್ಚು ಅದು. ಅವನ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಪಕ್ಕದ ಮುಂಬಲ್ಲಿನ ಮೂಲೆ ಬೇರೆ ಚೂರು ಹೋಗಿತ್ತು, ಸ್ಟೀಲ್ ಲೋಟ ಕಚ್ಚಿಕೊಂಡು ಓಡಿ ಬಿದ್ದದ್ದು. ಶಾಲೆಯಲ್ಲಿ ಹುಡುಗರು ಆಡಿಕೊಳ್ಳುತ್ತಿದ್ದರು. ತಂತಿ ಕಟ್ಟಿಸೋಣವೆಂದು ಡಾಕ್ಟರ ಹತ್ತಿರ ಅಳತೆ ತೆಗೆಸಿದರು, ಮೇಷ್ಟ್ರು ಅಚ್ಚು ಹೊಯ್ದರು, ಅಷ್ಟರಲ್ಲಿ ಅವನು ಸುತರಾಂ ಬೇಡ ಅಂದ. 'ನೋವಾಗತ್ತೆ. ಹೀಗೇ ಇರ್ಲಿ, ನಿಮಗೇನು?' ಮೇಷ್ಟ್ರು ನಕ್ಕು, ಅಚ್ಚಿನ ತಳದಲ್ಲಿ ಅವನ ಹೆಸರು ಬರೆದು, ತಾರೀಖಿನ ಜಾಗದಲ್ಲಿ 'ಇವನು ಒಪ್ಪಿದಾಗ' ಎಂದು ಬರೆದು, ಬರಹ ಕಾಣುವಂತೆ ಮೇಲಿಟ್ಟಿದ್ದರು. ಅವನು ಒಪ್ಪಲೇ ಇಲ್ಲ. ಹೊರಗೆ ಬಾಯಿ ಮುಚ್ಚಿಕೊಂಡೇ ಓಡಾಡಿದ. ಮನೆಯಲ್ಲಿದ್ದ ಫೋಟೋಗಳಲ್ಲೆಲ್ಲ ಅವನು ತುಟಿ ಬಿಗಿದು ನಿಂತಿದ್ದ. ಬಾಯಿ ಬಿಟ್ಟು ನಗುತ್ತಿದ್ದದ್ದು ಅಡುಗೆಮನೆಯಲ್ಲಿ, ಅಮ್ಮನ ಮುಂದೆ. ಆ ನಗು ಈ ಭೂಮಿಯ ಮೇಲೆ ಉಳಿದಿದ್ದರೆ ಆ ಅಚ್ಚಿನಲ್ಲಿ ಮಾತ್ರ.

ಅಮ್ಮ ಕತ್ತು ಹೊರಳಿಸಿ ನೋಡಿದರು. ಎಡತುದಿ ಖಾಲಿ.

"ರೀ, ಅವನದ್ದೆಲ್ಲಿ?"

ಮೇಷ್ಟ್ರು ಯಾರದ್ದು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಮೇಣದ ಚಾಕು ಮೇಜಿನ ಮೇಲಿಟ್ಟರು.

"ನಿನ್ನ ಹತ್ರ ಇಲ್ವಾ?"

"ನನ್ನ ಹತ್ರ ಯಾಕಿರತ್ತೆ?"

"ಸುಣ್ಣ ಬಳಿಸಿದ್ವಲ್ಲ, ಆಮೇಲೆ ನೋಡಿದ್ರೆ ಅಲ್ಲಿರಲಿಲ್ಲ. ನೀನೇ ತೆಗೆದು ನಿನ್ನ ಪೆಟ್ಟಿಗೇಲಿ ಇಟ್ಕೊಂಡೆ ಅಂದ್ಕೊಂಡೆ. ಕೇಳೋಕೆ ಧೈರ್ಯ ಬರಲಿಲ್ಲ ಕಣೇ. ಕೇಳಿದ್ರೆ ಅತ್ತುಬಿಡ್ತೀಯ ಅಂತ."

ಅಮ್ಮ ಸ್ಟೂಲಿನ ಮೇಲೇ ಕೂತರು. ಸುಣ್ಣ ಬಳಿಸಿದ್ದು ಎಂಟು ತಿಂಗಳ ಹಿಂದೆ. ಆ ದಿನ ಮೇಷ್ಟ್ರು ಕ್ಲಿನಿಕ್ಕುಗಳಿಗೆ ಹಲ್ಲು ಕೊಡಲು ಹೋಗಿದ್ದರು. ಕಪಾಟು ಖಾಲಿ ಮಾಡಿದವಳು ಮಗಳು. ಹೆಸರಿದ್ದದ್ದು ಒಂದು ಕಡೆ, ಹೆಸರಿಲ್ಲದ್ದು ಡಬ್ಬಕ್ಕೆ.

"ಅದಕ್ಕೆ ಹೆಸರಿತ್ತಲ್ರೀ!" ಅಮ್ಮನ ಧ್ವನಿ ಏರಿತು. "ಹೆಸರಿದ್ದದ್ದು ಹೇಗೆ ಹೋಗತ್ತೆ?"

ಮೇಷ್ಟ್ರು ತಲೆ ತಗ್ಗಿಸಿದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೂಡ ಬೋಳು ಬಾಯಿ ಮುಚ್ಚಿಕೊಂಡರು.

"ಕೆರೆದುಹಾಕಿದ್ದೆ."

"ಏನಂದ್ರಿ?"

"ಹೆಸರು. ಚಾಕೂಲಿ ಕೆರೆದುಹಾಕಿದ್ದೆ. ದಿನಾ ಬೆಳಿಗ್ಗೆ ಎದ್ದು ಕೆಲಸಕ್ಕೆ ಕೂತರೆ ಅದೇ ಕಣ್ಣಿಗೆ ಬೀಳ್ತಿತ್ತು. ಇವನು ಒಪ್ಪಿದಾಗ, ಇವನು ಒಪ್ಪಿದಾಗ. ಓದೋಕೆ ಆಗ್ಲಿಲ್ಲ."

"ಹೆತ್ತ ಮಗನ ಹೆಸರು ಕೆರೆಯೋಕೆ ನಿಮಗೆ ಕೈಯಾದರೂ ಹೇಗೆ ಬಂತು?"

ಅವತ್ತು ಒಲೆಯ ಮೇಲಿದ್ದ ಸಾರು ಸೀದುಹೋಯಿತು, ಯಾರೂ ಕೇಳಲಿಲ್ಲ.

ಸಂಜೆ ಶಾಲೆಯ ಸಭೆ ಮುಗಿಸಿ ಬಂದ ಮಗಳನ್ನು ಅಮ್ಮ ಚಪ್ಪಲಿ ಬಿಡಲೂ ಬಿಡಲಿಲ್ಲ.

"ಅವನ ಅಚ್ಚನ್ನ ಏನು ಮಾಡ್ದೆ?"

ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮಗಳು ಹೆಗಲಿನ ಚೀಲ ಕೆಳಗಿಟ್ಟಳು.

"ಹೆಸರಿರಲಿಲ್ಲಮ್ಮ. ನನ್ನಾಣೆ, ನಾನು ಹೆಸರಿಲ್ಲದ್ದನ್ನೇ ತಗೊಂಡಿದ್ದು. ಒಂದೇ ಸಲ ನಾನೂರು ಅಚ್ಚು. ತಲೆಕೆಳಗು ಮಾಡಿ ಗರಗಸ ಹಾಕ್ತಿದ್ದೆ, ಯಾರದ್ದು ಅಂತ ನೋಡ್ತಾನೇ ಇರಲಿಲ್ಲ."

"ಸ್ವಂತ ತಮ್ಮನ ಹಲ್ಲು ಗೊತ್ತಾಗಲಿಲ್ವೇನೇ ನಿನಗೆ?"

"ನಾನೂರಮ್ಮ! ನಾನೂರು ಬಾಯಿ!"

"ಸೀಳಿದೀಯಾ ಹಾಗಾದ್ರೆ ಅದನ್ನೂ?"

ಮಗಳು ಹೌದು ಅನ್ನಲಾರದೆ ತಲೆಯಾಡಿಸಿದಳು. ಸೀಳಿದ್ದರಲ್ಲಿ ಎಷ್ಟೋ ಹೋಳುಗಳನ್ನು ಕುಟ್ಟಿ ಹಲ್ಲೂರಿನ ದಾರಿಗಳಿಗೆ ಪುಡಿ ಚೆಲ್ಲಿದ್ದಳು. ಅದನ್ನು ಹೇಳುವುದೋ ಬೇಡವೋ ಎಂದು ಒದ್ದಾಡಿ, ಕಡೆಗೆ ಅದನ್ನೂ ಹೇಳಿಬಿಟ್ಟಳು. ಅಮ್ಮ ಎದ್ದು ಹೋಗಿ ಎಂಟು ತಿಂಗಳಲ್ಲಿ ಮೊದಲ ಸಲ ಹಿಂದಿನ ಕೋಣೆಯ ಬಾಗಿಲು ತಳ್ಳಿದರು.

ಅವತ್ತಿನಿಂದ ಅಮ್ಮನ ದಿನಚರಿ ಬದಲಾಯಿತು. ಬೆಳಿಗ್ಗೆ ಗಂಜಿ ಬೇಯಿಸಿಟ್ಟು, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಹಲ್ಲೂರಿನ ಮುಂದೆ ಕೂರುವುದು. ಒಂದು ಮೂಲೆಯಿಂದ ಶುರುಮಾಡಿ ಒಂದೊಂದೇ ಬಾಯಿಯನ್ನು ನೋಡುವುದು. ಮೊದಲ ದಿನ ಕಣ್ಣಲ್ಲಿ ನೋಡಿದರು. ಟೀ ಬಳಿದು ಎಲ್ಲವೂ ಒಂದೇ ಬಣ್ಣ, ಒಂದೂ ಗೊತ್ತಾಗಲಿಲ್ಲ. ಎರಡನೇ ದಿನದಿಂದ ಕಣ್ಣು ಮುಚ್ಚಿ ಬೆರಳಲ್ಲಿ ನೋಡತೊಡಗಿದರು. ಚಿಕ್ಕವನಿಗೆ ಹಲ್ಲು ಬರುವ ಮೊದಲೇ ವಸಡು ಸವರಿದ ಬೆರಳು ಅದು, ಮೊದಲ ಹಲ್ಲು ಬಂದಾಗ ಕಚ್ಚಿಸಿಕೊಂಡದ್ದೂ ಅದೇ. ಅಲ್ಲೊಬ್ಬನಿಗೆ ದವಡೆ ಹಲ್ಲೇ ಇಲ್ಲ, ಇಲ್ಲೊಬ್ಬಳಿಗೆ ಮುಂದೆ ಸಂದು. ಅಯ್ಯೋ, ಲೋಕದಲ್ಲಿ ಎಷ್ಟು ಬಾಯಿ!

ಮಧ್ಯಾಹ್ನ ಮೇಷ್ಟ್ರು ತಾವೇ ಬ್ರೆಡ್ಡು ಸುಟ್ಟುಕೊಂಡು ತಿಂದರು. ಅಮ್ಮ ಅವರ ಜೊತೆ ಮಾತು ಬಿಟ್ಟಿದ್ದರು. ಏನಾದರೂ ಹೇಳಬೇಕಾದರೆ ಅಜ್ಜಿಯ ಮೂಲಕ.

"ಅತ್ತೇ, ನಿಮ್ಮ ಮಗನಿಗೆ ಸ್ನಾನಕ್ಕೆ ನೀರು ಕಾದಿದೆ ಅಂತ ಹೇಳಿ."

"ಲೋ, ನೀರು ಕಾದಿದೆಯಂತೆ. ನನ್ನ ಹಲ್ಲೇನಾಯ್ತೋ? ನಿಮ್ಮಿಬ್ಬರ ಮಾತು ಹೊತ್ತೂ ಹೊತ್ತೂ ಇದ್ದಬದ್ದ ವಸಡೂ ಸವೆದುಹೋಗ್ತಿದೆ."

ಮೇಷ್ಟ್ರು ನಗಲಿಲ್ಲ. ಅಮ್ಮನೂ ನಗಲಿಲ್ಲ. ಅಜ್ಜಿ ತಾವೇ ನಗಲು ಹೋಗಿ, ಅರ್ಧಕ್ಕೆ ಬಿಟ್ಟು ಕಣ್ಣೊರೆಸಿಕೊಂಡರು.

ಎಂಟನೆಯ ದಿನ, ಅಂದರೆ ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ, ಬೆಟ್ಟದ ನಡು ಎತ್ತರದಲ್ಲಿ ಒಂದು ಹೆಬ್ಬಾಗಿಲಿನ ಎಡಬದಿಯಲ್ಲಿ ಅಮ್ಮನ ಬೆರಳು ನಿಂತಿತು. ಹತ್ತಿ ಕೂತ ಕೋರೆಹಲ್ಲು. ಅದರ ಪಕ್ಕ ಮೂಲೆ ಹೋದ ಮುಂಬಲ್ಲು. ಆಕೆ ಕಣ್ಣು ತೆರೆಯಲಿಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು, ಬಾಗಿಲ ಚೌಕಟ್ಟಿಗೆ ಹಣೆ ಒತ್ತಿದವರಂತೆ ಬಗ್ಗಿ ಕೂತರು. ಮಗಳು ಬಂದು ನೋಡಿದಾಗ ಹಾಗೇ ಇದ್ದರು.

"ಸಿಕ್ತಾ?"

"ಇದನ್ನ ಬಿಡಿಸಿಕೊಡು."

ಮಗಳು ಮಂಡಿಯೂರಿ ನೋಡಿದಳು. ಆ ಹೆಬ್ಬಾಗಿಲಿನ ಮೇಲೆ ಮತ್ತೆ ಅರವತ್ತು ಎಪ್ಪತ್ತು ಹೋಳುಗಳು ಏರಿದ್ದವು.

"ಇದನ್ನ ತೆಗೆದ್ರೆ ಬೆಟ್ಟ ನಿಲ್ಲಲ್ಲಮ್ಮ. ನಾಳೆ ಲಾರಿ."

"ಅದಕ್ಕೆ ನಾನೇನು ಮಾಡ್ಲಿ? ಅವನನ್ನ ಲಾರಿಗೆ ಹಾಕಿ ಕಳಿಸು ಅಂತೀಯಾ?"

ಆ ಮಾತು ಬಿದ್ದ ಕೂಡಲೇ ಇಬ್ಬರೂ ಬೆಚ್ಚಿದರು. ಮಗಳು ಮೆಲ್ಲಗೆ ಶುರುಮಾಡಿದವಳು ಜೋರಾಗುತ್ತ ಹೋದಳು.

"ಅವನ ಅರ್ಧ ಹಲ್ಲಿಗೋಸ್ಕರ ಎಂಟು ದಿನ ಈ ಕೋಣೇಲಿ ಕೂತೆ. ನಾನು ಎಂಟು ತಿಂಗಳಿಂದ ಇಲ್ಲೇ ಇದ್ದೆನಲ್ಲ, ಒಂದು ದಿನ ಬಂದ್ಯಾ? ಊಟ ಬಾಗಿಲಲ್ಲಿಟ್ಟು ಹೋಗ್ತಿದ್ದೆ. ನಾನೇನು ಮಾಡ್ತಿದೀನಿ ಅಂತ ಒಂದ್ಸಲ, ಒಂದೇ ಒಂದ್ಸಲ ಬಗ್ಗಿ ನೋಡಿದ್ಯಾ? ಅವನು ಹೋದ ಮೇಲೆ ಈ ಮನೇಲಿ ಒಬ್ಬರೂ ಬಾಯಿ ಬಿಡಲಿಲ್ಲ ಅಂತ ಬಾಯಿ ಬಿಟ್ಟ ಊರು ಕಟ್ಟಿದೆ ಕಣಮ್ಮಾ. ಯಾರಿಗೋಸ್ಕರ ಕಟ್ಟಿದೆ ಅಂದ್ಕೊಂಡೆ?"

ಅಮ್ಮ ಹಲ್ಲೂರನ್ನು ಆಗ ಮೊದಲ ಸಲ ಒಟ್ಟಾಗಿ ನೋಡಿದರು. ಅಷ್ಟು ದಿನ ಅದರೊಳಗೆ ಒಂದು ಹಲ್ಲನ್ನು ಹುಡುಕಿದ್ದರೇ ಹೊರತು ಊರನ್ನು ನೋಡಿರಲಿಲ್ಲ. ಕೆರೆಯ ದಡದಲ್ಲಿ ತಂತಿಯ ಪುಟ್ಟ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಿದ್ದಳು. ಸೊಂಟಕ್ಕೆ ಬಟ್ಟೆ ಸಿಕ್ಕಿಸಿಕೊಂಡ ರೀತಿ ನೋಡಿದರೆ ಯಾರೆಂದು ಕೇಳುವುದೇ ಬೇಕಿರಲಿಲ್ಲ.

"ಬೇಡ ಅನ್ನು, ಲಾರಿ ಬೇಡ ಅಂತ ಫೋನ್ ಮಾಡ್ತೀನಿ," ಎಂದಳು ಮಗಳು. "ಈಗಲೇ ಒಡೆದು ಕೊಡ್ತೀನಿ. ಹೇಳು."

ಹೇಳಿದ್ದರೆ ಅವಳು ಒಡೆಯುತ್ತಿದ್ದಳು, ಅದು ಅಮ್ಮನಿಗೆ ಗೊತ್ತಿತ್ತು. ಬಾಗಿಲಲ್ಲಿ ಬಂದು ನಿಂತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಒಡೆಯೋದೇನೂ ಬೇಡ. ಇದ್ದಲ್ಲೇ ಅಳತೆ ತಗೊಳ್ತೀನಿ. ಹೊಸದಾಗಿ ಹೊಯ್ದರೆ ಅದೇ ಹಲ್ಲು, ಕೂದಲೆಳೆ ವ್ಯತ್ಯಾಸ ಇರಲ್ಲ. ಆ ಕಡೆ ಅರ್ಧ ಪುಡಿಯಾಗಿದ್ರೆ ಮೇಣದಲ್ಲಿ ಕಟ್ಟಿಕೊಡ್ತೀನಿ."

ಎಂಟು ದಿನದ ಮೇಲೆ ಅಮ್ಮ ಗಂಡನ ಕಡೆ ನೇರ ತಿರುಗಿದರು. "ಆ ಕಡೆ ನೀವು ಕಟ್ಟಿದ್ದಾಗತ್ತೆ, ಅವನದ್ದಾಗಲ್ಲ. ಇದ್ದಷ್ಟು ಕೊಡಿ, ಸಾಕು."

ಗುರುವಾರ ಬೆಳಿಗ್ಗೆ ಎಂಟಕ್ಕೇ ಮೇಷ್ಟ್ರು ರಬ್ಬರ್ ಬಟ್ಟಲು, ಅಳತೆಯ ಪುಡಿ, ನೀರು ತಂದರು. ಲಾರಿ ಹತ್ತಕ್ಕೆ. ಪುಡಿಗೆ ನೀರು ಹಾಕಿ ಕಲಸಿದರೆ ಮೂರು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ, ಅಷ್ಟರೊಳಗೆ ಒತ್ತಬೇಕು. ಮೂವತ್ತು ವರ್ಷ ಕಲಸಿದ ಕೈ. ಅವತ್ತು ಎರಡು ಸಲ ಪುಡಿ ಚೆಲ್ಲಿತು. ಮಗಳು ಬೆಟ್ಟ ಹಿಡಿದುಕೊಂಡಳು, ಅಮ್ಮ ಬಟ್ಟಲು ಹಿಡಿದುಕೊಂಡರು. ಮೇಷ್ಟ್ರು ಮಗನ ಬಾಯಿಯ ಮುಂದೆ ಮಂಡಿಯೂರಿ, ಒಂದು ಸಲ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಕಲಸಿದ್ದನ್ನು ಒತ್ತಿ ಹಿಡಿದರು.

"ನೀರು ಹಚ್ಚಿದ್ಯೇನೋ?" ಮೂಲೆಯಿಂದ ಅಜ್ಜಿ ಕೇಳಿದರು.

ಮೇಷ್ಟ್ರ ಮುಖ ಬಿಳಿಚಿತು. ಒಣ ಪ್ಲಾಸ್ಟರಿಗೆ ಮೊದಲು ನೀರು ಕುಡಿಸಬೇಕು, ಇಲ್ಲದಿದ್ದರೆ ಅಳತೆ ಕಚ್ಚಿಕೊಂಡು ಬಿಡುವುದಿಲ್ಲ. ಕಲಿಯಲು ಬಂದವರಿಗೆಲ್ಲ ಮೊದಲ ದಿನ ಮೊದಲ ಮಾತಾಗಿ ಅವರು ಕಿರುಚಿ ಹೇಳುತ್ತಿದ್ದದ್ದೇ ಅದನ್ನು. ಕೇಳಿ ಕೇಳಿ ಅಜ್ಜಿಗೂ ಬಾಯಿಪಾಠವಾಗಿತ್ತು. ಇವತ್ತು ಅವರೇ ಮರೆತಿದ್ದರು.

"ಎಳೆಯಬೇಡಿ, ಹಾಗೇ ಬಿಡಿ," ಅಮ್ಮ ಅಂದರು.

"ಬಿಟ್ರೆ ಇನ್ನೂ ಕಚ್ಚತ್ತೆ ಕಣೇ."

ಮೇಷ್ಟ್ರು ಆದಷ್ಟು ಮೆಲ್ಲಗೆ ಬಿಡಿಸಿದರು. ಟಕ್ ಎಂದು ಸಣ್ಣ ಸದ್ದು. ವಿನೆಗರಿನಲ್ಲಿ ನೆಂದು ಮೆತ್ತಗಾಗಿದ್ದ ಪ್ಲಾಸ್ಟರು. ಉಳಿದ ಹಲ್ಲೆಲ್ಲ ಇದ್ದಲ್ಲೇ ಇದ್ದವು. ಮುಂದೆ ಚಾಚಿ ಹತ್ತಿ ಕೂತಿದ್ದ ಕೋರೆಹಲ್ಲು ಮಾತ್ರ ಅಳತೆಯ ಜೊತೆ ಕಿತ್ತು ಬಂದಿತ್ತು. ಹೆಬ್ಬಾಗಿಲಲ್ಲಿ ಅದರ ಜಾಗ ಬಿಳಿ ಕುಳಿಯಾಗಿ ಕಂಡಿತು.

ಮೇಷ್ಟ್ರು ಅಲ್ಲೇ ಕುಸಿದು ಕೂತು ಅತ್ತರು. ಮಗನನ್ನು ಮನೆಗೆ ತಂದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ಅಜ್ಜಿ ತೆವಳಿಕೊಂಡು ಬಂದು ಮಗನ ಬೆನ್ನ ಮೇಲೆ ಕೈಯಿಟ್ಟರು. ಅಮ್ಮ ಅವರನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅವರ ಕೈಯಿಂದ ಅಳತೆಯನ್ನು ತೆಗೆದುಕೊಂಡು ಒಳಗೆ ನೋಡಿದರು. ಗುಂಡಿಯೊಳಗೆ ಟೀ ಬಣ್ಣದ ಹಲ್ಲು ಕೂತಿತ್ತು.

"ಇದನ್ನ ಕೀಳಬೇಡಿ. ಹೀಗೇ ಹೊಯ್ಯಿರಿ."

ಮೇಷ್ಟ್ರು ಹೊಯ್ದರು. ಅದು ಗಟ್ಟಿಯಾಗುವ ಹೊತ್ತಿಗೆ ಹೊರಗೆ ಲಾರಿ ಬಂದು ನಿಂತಿತ್ತು. ನಾಲ್ಕು ಜನ ಹಲ್ಲೂರನ್ನು ಮೂರು ಭಾಗ ಮಾಡಿ, ಹಳೇ ಕಂಬಳಿ ಸುತ್ತಿ ಎತ್ತಿಕೊಂಡು ಹೋದರು. ಅಮ್ಮ ಹೊಸ್ತಿಲಲ್ಲಿ ನಿಂತು, 'ಮೆಲ್ಲಗೆ, ಮೆಲ್ಲಗೆ ಕಣ್ರಪ್ಪಾ' ಎಂದು ಲಾರಿಯವರೆಗೆ ಹೇಳುತ್ತಲೇ ಇದ್ದರು. ಲಾರಿ ತಿರುವು ದಾಟುವವರೆಗೂ ಅಲ್ಲಿಂದ ಕದಲಲಿಲ್ಲ. ಒಳಗೆ ಬಂದರೆ ಮೇಜಿನ ಮೇಲೆ ಅರ್ಧ ಬಾಯಿ ಒಣಗುತ್ತಿತ್ತು. ಹಾಲಿನಷ್ಟು ಬಿಳಿ ಹಲ್ಲುಗಳು, ನಡುವೆ ಕಂದುಬಣ್ಣದ ಹಳೆಯದೊಂದು.

ಆಕೆ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮ ಚೀಲದಲ್ಲಿಟ್ಟುಕೊಂಡರು. ಮೇಷ್ಟ್ರ ಜೊತೆ ಮಾತು ಶುರುವಾಯಿತು, ಆದರೆ ಉಪ್ಪು, ಸೊಪ್ಪು, ಕರೆಂಟು ಬಿಲ್ಲಿನಷ್ಟು ಮಾತ್ರ. ಹಿಂದಿನ ಕೋಣೆ ಖಾಲಿಯಾಗಿತ್ತು. ಮಂಚವನ್ನು ಒಳಗೆ ಹಾಕೋಣವೇ ಎಂದು ಮಗಳು ಕೇಳಿದ್ದಕ್ಕೆ ಅಮ್ಮ, 'ಬೇಡ, ಇನ್ನೊಂದು ಊರು ಕಟ್ಟೋಕೆ ಜಾಗ ಬೇಕಲ್ಲ' ಅಂದರು. ಮಗಳು ಅಮ್ಮನ ಕೈಯಿಂದ ಪೊರಕೆ ಕಸಿದುಕೊಂಡು ತಾನೇ ಗುಡಿಸಿದಳು.

ಪ್ರದರ್ಶನ ಶುರುವಾಗಿ ಎರಡು ವಾರವಾದರೂ ಅಮ್ಮ ಹೋಗಲಿಲ್ಲ. ಮೇಷ್ಟ್ರು, ಅಜ್ಜಿ ಹೋಗಿ ಬಂದರು. ಅಜ್ಜಿ ಹೊಸ ಸೆಟ್ಟು ಹಾಕಿಕೊಂಡು ಹೋಗಿ, ಇದೂ ತನ್ನ ಬಾಯಿದಲ್ಲ ಎಂದು ದಾರಿಯುದ್ದಕ್ಕೂ ಹೇಳಿದ್ದರು. ಕೊನೆಯ ದಿನ ಅಮ್ಮ ಮಗಳ ಜೊತೆ ಬಸ್ಸು ಹತ್ತಿದರು.

ದೊಡ್ಡ ಸಭಾಂಗಣದ ನಡುವೆ ಹಲ್ಲೂರು ನಿಂತಿತ್ತು. ಮನೆಯಲ್ಲಿ ಕೋಣೆಯೇ ತುಂಬಿದಂತಿದ್ದದ್ದು ಅಲ್ಲಿ ಪುಟ್ಟದಾಗಿ ಕಂಡಿತು. ಮೇಲಿನಿಂದ ಬೆಳಕು ಬಿಟ್ಟಿದ್ದರು. ನಾನೂರು ಬಾಯಿಯೂ ಬೆಳಕಲ್ಲಿ ನಗುತ್ತಿದ್ದವು. ಸುತ್ತ ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂದು ಫಲಕ ಹಾಕಿದ್ದರು. ಅಮ್ಮನ ಕೈ ತಾನಾಗಿ ಹಗ್ಗದಾಚೆ ಹೋಯಿತು. ಕಾವಲಿನವನು ಓಡಿ ಬಂದ.

"ಮುಟ್ಟಬಾರದಮ್ಮಾ. ದೂರದಿಂದ ನೋಡಿ."

"ಇರ್ಲಪ್ಪ, ಗೊತ್ತು," ಎಂದು ಅಮ್ಮ ಕೈ ಹಿಂದೆ ತೆಗೆದುಕೊಂಡರು. ಮಗಳು ಮಾತಾಡಲು ಹೋದದ್ದನ್ನು ಕಣ್ಣಲ್ಲೇ ತಡೆದರು.

ಹೆಬ್ಬಾಗಿಲಿನ ಕುಳಿ ಹಾಗೇ ಇತ್ತು. ಮಗಳು ಅದನ್ನು ಮುಚ್ಚಿರಲಿಲ್ಲ. ಕುಳಿಯ ಮುಂದೆ ತಂತಿಯ ಪುಟ್ಟ ಹೆಂಗಸು ನಿಂತಿದ್ದಳು. ಕೆರೆಯ ದಡದಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಯಾರೋ ಅಲ್ಲಿಗೆ ತಂದು ನಿಲ್ಲಿಸಿದ್ದರು. ಅಮ್ಮ ಮಗಳ ಕಡೆ ನೋಡಿದರು, ಮಗಳು ನೆಲ ನೋಡಿದಳು. ಅಮ್ಮ ಅವಳ ಕೈ ಹಿಡಿದುಕೊಂಡರು. ಪ್ಲಾಸ್ಟರಿನಿಂದ ಒರಟಾದ ಕೈ. ಮಗಳ ಕೈ ಇಷ್ಟು ಒರಟಾದದ್ದು ಯಾವಾಗ ಎಂದುಕೊಳ್ಳುತ್ತ ಅಮ್ಮ ಅದನ್ನು ಹೆಬ್ಬೆರಳಿನಿಂದ ಸವರಿದರು.

ಪಕ್ಕದಲ್ಲಿ ಇಬ್ಬರು ಹೆಂಗಸರು ಬಗ್ಗಿ ನೋಡುತ್ತಿದ್ದರು. "ನೋಡೇ, ಪಾಪ, ಇದಕ್ಕೊಂದು ಹಲ್ಲು ಬಿದ್ದುಹೋಗಿದೆ," ಎಂದು ಒಬ್ಬಳು ನಕ್ಕಳು.

"ಬಿದ್ದಿಲ್ಲಮ್ಮ," ಎಂದರು ಅಮ್ಮ. "ನಮ್ಮನೇಲಿದೆ."

ಆ ಹೆಂಗಸರು ಮುಖಮುಖ ನೋಡಿಕೊಂಡು ಮುಂದಕ್ಕೆ ಹೋದರು.

ಮನೆಗೆ ಬಂದಾಗ ಮೇಷ್ಟ್ರು ಇನ್ನೂ ಮೇಜಿನ ಮುಂದೆ ಕೂತಿದ್ದರು, ಯಾರದೋ ಮೇಲ್ದವಡೆಗೆ ಮೇಣ ಹಚ್ಚುತ್ತ. ಅಮ್ಮ ಚಪ್ಪಲಿ ಬಿಟ್ಟು ನೇರ ಹೋಗಿ, ಚೀಲದಿಂದ ಕರವಸ್ತ್ರ ತೆಗೆದು, ಬಿಚ್ಚಿ, ಅರ್ಧ ಅಚ್ಚನ್ನು ಅವರ ಮುಂದಿಟ್ಟರು. ಪಕ್ಕಕ್ಕೆ ನೇರಳೆ ಪೆನ್ಸಿಲು ಸರಿಸಿದರು.

"ಹೆಸರು ಬರೀರಿ."

ಮೇಷ್ಟ್ರು ಅವರ ಮುಖ ನೋಡಿದರು. ಅಚ್ಚನ್ನು ತಿರುಗಿಸಿ, ನುಣುಪಾದ ತಳದ ಮೇಲೆ ಪೆನ್ಸಿಲು ಇಟ್ಟರು. ಮೊದಲ ಅಕ್ಷರಕ್ಕೇ ಕೈ ನಿಂತಿತು. ಅಮ್ಮ ಅವಸರ ಮಾಡಲಿಲ್ಲ, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೇಷ್ಟ್ರು ಬರೆದರು. ಎರಡು ವರ್ಷದ ಮೇಲೆ ಆ ಹೆಸರನ್ನು ಅಮ್ಮ ಬಾಯಿಬಿಟ್ಟು ಓದಿದರು, ಒಂದು ಸಲ, ಮತ್ತೊಂದು ಸಲ. ಅಡುಗೆಮನೆಯಲ್ಲಿ ಟೀಗೆ ನೀರಿಡುತ್ತಿದ್ದ ಮಗಳು ಬಂದು ಬಾಗಿಲಲ್ಲಿ ನಿಂತಳು.

ಪೆನ್ಸಿಲು ಕೆಳಗಿನ ಸಾಲಿಗೆ ಬಂದು ಗಾಳಿಯಲ್ಲಿ ನಿಂತಿತು. ವಾಪಸ್ ಕೊಡಬೇಕಾದ ತಾರೀಖು.

"ಇಲ್ಲಿ ಏನು ಬರೀಲಿ?" ಮೇಷ್ಟ್ರು ಕೇಳಿದರು.

"ಮೊದಲು ಏನು ಬರೆದಿದ್ರೋ ಅದನ್ನೇ ಬರೀರಿ."

ಮೇಷ್ಟ್ರು ಬರೆದರು: ಇವನು ಒಪ್ಪಿದಾಗ.

ಅಮ್ಮ ಅಚ್ಚನ್ನು ಎತ್ತಿಕೊಂಡು ಸ್ಟೂಲು ಹತ್ತಿದರು. ಮೇಲಿನ ಸಾಲಿನ ಎಡತುದಿಯ ಪ್ಲಾಸ್ಟರ್ ಪುಡಿಯನ್ನು ಅಂಗೈಯಿಂದ ಒರೆಸಿ, ಬರೆದ ಬದಿ ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟು, ಕೆಳಗಿಳಿದು ಊಟಕ್ಕೆ ತಟ್ಟೆ ಹಾಕಲು ಹೋದರು.